ನಾಲ್ಕು ಅಭಿಧಮನಿಗಳ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಹೃದಯ ಚಿತ್ರಣ ತಜ್ಞರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಶ್ವಾಸಕೋಶದಿಂದ ಹೃದಯಕ್ಕೆ ರಕ್ತವನ್ನು ಮರಳಿ ತರುವ ಅಭಿಧಮನಿಗಳು ಹುಟ್ಟಿನಿಂದಲೇ ದಾರಿ ತಪ್ಪಿದ್ದರೆ, ಅದನ್ನು ಅರಿಯಲು ಎಂಆರ್‌ಐ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದೇ ಆ ವಿಷಯ. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಎದೆ ಡವಗುಟ್ಟುತ್ತದೆ. ಎಕೋ ಮಾಡಿದವರು ಹೃದಯದ ಬಲಭಾಗ ದೊಡ್ಡದಾಗಿದೆ, ಆದರೆ ರಂಧ್ರ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಈಗ ಎಂಆರ್‌ಐ ಮಾಡಿಸಿ ಪಲ್ಮನರಿ ವೇನ್‌ಗಳನ್ನು ನೋಡಬೇಕು ಎನ್ನುತ್ತಾರೆ. ಎಕೋದಲ್ಲಿ ಕಾಣದ್ದು ಇದರಲ್ಲಿ ಕಾಣುತ್ತದೆಯೇ? ಆ ಯಂತ್ರದೊಳಗೆ ಮಲಗಲು ನನಗೆ ಭಯವೂ ಇದೆ.
ಓದುಗರು, ಶಿವಮೊಗ್ಗ

ಉತ್ತರ: ಕಾಣುವ ಸಾಧ್ಯತೆ ಹೆಚ್ಚು, ಮತ್ತು ನಿಮ್ಮ ವೈದ್ಯರು ಸರಿಯಾದ ದಿಕ್ಕಿನಲ್ಲೇ ಯೋಚಿಸಿದ್ದಾರೆ. ಹೃದಯದ ಬಲಭಾಗ ಸುಮ್ಮನೆ ದೊಡ್ಡದಾಗುವುದಿಲ್ಲ. ಎಲ್ಲಿಂದಲೋ ಹೆಚ್ಚಿನ ರಕ್ತ ಅಲ್ಲಿಗೆ ಬರುತ್ತಿರಬೇಕು, ಇಲ್ಲವೇ ಮುಂದಿನ ದಾರಿಯಲ್ಲಿ ಒತ್ತಡ ಏರಿರಬೇಕು, ಅಥವಾ ಬಲಭಾಗದ ಕವಾಟಗಳಲ್ಲೋ ಸ್ನಾಯುವಿನಲ್ಲೋ ದೋಷವಿರಬೇಕು. ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರ ಕಾಣದಿದ್ದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಶ್ವಾಸಕೋಶದ ನಾಲ್ಕೂ ಅಭಿಧಮನಿಗಳನ್ನು ಯಾರಾದರೂ ಎಣಿಸಿ ನೋಡಿದ್ದಾರೆಯೇ?

ಅಭಿಧಮನಿಗಳಲ್ಲಿ ಆಮ್ಲಜನಕ ಕಡಿಮೆಯಾದ ರಕ್ತ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಶ್ವಾಸಕೋಶದ ಅಭಿಧಮನಿಗಳು ಅದಕ್ಕೆ ಅಪವಾದ. ಅವು ಶುದ್ಧಗೊಂಡ ರಕ್ತವನ್ನು, ಸಾಮಾನ್ಯವಾಗಿ ಬಲ ಶ್ವಾಸಕೋಶದಿಂದ ಎರಡು ಮತ್ತು ಎಡ ಶ್ವಾಸಕೋಶದಿಂದ ಎರಡು ನಾಳಗಳ ಮೂಲಕ, ಎಡ ಹೃತ್ಕರ್ಣಕ್ಕೆ ತಂದು ಸುರಿಯುತ್ತವೆ. ಇವುಗಳಲ್ಲಿ ಒಂದೋ ಎರಡೋ ಎಡ ಹೃತ್ಕರ್ಣಕ್ಕೆ ಬಾರದೆ ಬಲಭಾಗದ ಯಾವುದಾದರೂ ನಾಳಕ್ಕೆ ಸೇರಿಬಿಟ್ಟರೆ, ಆಗಷ್ಟೇ ಶುದ್ಧವಾದ ರಕ್ತ ದೇಹವನ್ನು ಸುತ್ತದೆ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಈ ವ್ಯರ್ಥ ಸುತ್ತಿನ ಹೊರೆಯನ್ನು ಬಲ ಹೃತ್ಕುಕ್ಷಿ ಹಗಲಿರುಳು ಹೊತ್ತು, ವರ್ಷಗಳು ಕಳೆದಂತೆ ಹಿಗ್ಗುತ್ತದೆ. ವೈದ್ಯರು ಇದನ್ನು ಪಿಎಪಿವಿಸಿ ಎಂದು ಚುಟುಕಾಗಿ ಕರೆಯುತ್ತಾರೆ. ಶವಪರೀಕ್ಷೆಗಳ ಲೆಕ್ಕದಲ್ಲಿ ಇದು ಸಾವಿರಕ್ಕೆ ನಾಲ್ಕರಿಂದ ಏಳು ಜನರಲ್ಲಿ ಇರುತ್ತದೆ. ಅವರಲ್ಲಿ ಬಹಳಷ್ಟು ಜನರಿಗೆ ಬದುಕಿದ್ದಷ್ಟು ದಿನವೂ ಅದರ ಸುಳಿವೇ ಸಿಗುವುದಿಲ್ಲ.

ಎಕೋ ಯಂತ್ರ ಶಬ್ದದ ಅಲೆಗಳಿಂದ ಕೆಲಸ ಮಾಡುತ್ತದೆ, ಮತ್ತು ಆ ಅಲೆಗಳು ಗಾಳಿ ತುಂಬಿದ ಶ್ವಾಸಕೋಶವನ್ನು ದಾಟಲಾರವು. ಅಭಿಧಮನಿಗಳು ಇರುವುದು ಹೃದಯದ ಬೆನ್ನಿನ ಕಡೆ, ಶ್ವಾಸಕೋಶಗಳ ಮರೆಯಲ್ಲಿ. ಪುಟ್ಟ ಮಕ್ಕಳ ತೆಳುವಾದ ಎದೆಯಲ್ಲಿ ಅವು ಚೆನ್ನಾಗಿ ಕಾಣಬಹುದು. ದೊಡ್ಡವರಲ್ಲಿ ಅನುಭವಿ ಕೈಗೂ ತಪ್ಪಿಹೋಗುತ್ತವೆ. ಆದ್ದರಿಂದ ನಿಮ್ಮ ಎಕೋ ಮಾಡಿದವರನ್ನು ದೂರಬೇಡಿ. ಬಲಭಾಗ ಹಿಗ್ಗಿದೆ ಎಂದು ಅವರು ಗುರುತಿಸಿದ್ದರಿಂದಲೇ ಮುಂದಿನ ದಾರಿ ತೆರೆದಿದೆ. ಹೆಚ್ಚಾಗಿ ಕಣ್ತಪ್ಪುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೇಲಿನ ಮಹಾಭಿಧಮನಿ ಬಲ ಹೃತ್ಕರ್ಣವನ್ನು ಸೇರುವ ಬಾಯಿಯ ಬಳಿಯೇ ಒಂದು ಬಗೆಯ ರಂಧ್ರ ಇರಬಹುದು. ಅದಕ್ಕೆ ಸೈನಸ್ ವೀನೋಸಸ್ ದೋಷ ಎಂದು ಹೆಸರು. ಅದು ಇದ್ದವರಲ್ಲಿ ಬಹುಪಾಲು ಜನರಿಗೆ ಬಲ ಶ್ವಾಸಕೋಶದ ಮೇಲಿನ ಅಭಿಧಮನಿಯೂ ಅಲ್ಲೇ, ತಪ್ಪಾದ ಜಾಗದಲ್ಲಿ ತೆರೆದುಕೊಂಡಿರುತ್ತದೆ. ರಂಧ್ರ ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದು ತೀರ್ಮಾನಿಸಲಾಗದು.

ಎಂಆರ್‌ಐ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ದಾರಿಯನ್ನು ತೋರಿಸುವುದು. ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಇರುವ ಔಷಧಿ ಕೊಟ್ಟು ಒಂದರ ಹಿಂದೊಂದು ಬೇಗಬೇಗ ಚಿತ್ರ ತೆಗೆದರೆ, ಮೊದಲು ಬಲ ಹೃದಯ, ಆಮೇಲೆ ಶ್ವಾಸಕೋಶದ ಅಪಧಮನಿಗಳು, ಆಮೇಲೆ ಅಭಿಧಮನಿಗಳು, ಎಡ ಹೃತ್ಕರ್ಣ, ಕೊನೆಗೆ ಮಹಾಪಧಮನಿ ಹೀಗೆ ಸರದಿಯಂತೆ ಬೆಳಗುತ್ತ ಹೋಗುತ್ತವೆ. ಒಮ್ಮೆ ಬೆಳಗಿ ಮಂಕಾದ ಮೇಲಿನ ಮಹಾಭಿಧಮನಿ, ಶ್ವಾಸಕೋಶದ ಸರದಿ ಬಂದಾಗ ಮತ್ತೊಮ್ಮೆ ಬೆಳಗಿತು ಎಂದರೆ, ಶ್ವಾಸಕೋಶದ ರಕ್ತ ಅಲ್ಲಿಗೆ ಸೇರುತ್ತಿದೆ ಎಂದು ತಿಳಿಯುತ್ತದೆ.

ಎರಡನೆಯ ಕೆಲಸ ಅಳತೆ, ಮತ್ತು ನನ್ನ ದೃಷ್ಟಿಯಲ್ಲಿ ಎಂಆರ್‌ಐನ ನಿಜವಾದ ಹೆಚ್ಚುಗಾರಿಕೆ ಇರುವುದು ಇದರಲ್ಲೇ. ಹರಿಯುವ ರಕ್ತದಲ್ಲಿನ ಹೈಡ್ರೋಜನ್ ಪರಮಾಣುಗಳ ಸಂಕೇತ ಅವುಗಳ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನು ಹಿಡಿದು ಯಾವ ನಾಳದಲ್ಲಿ ಒಂದು ಬಡಿತಕ್ಕೆ ಎಷ್ಟು ರಕ್ತ ಹರಿಯಿತು ಎಂದು ಲೆಕ್ಕ ಹಾಕಬಹುದು. ಆರೋಗ್ಯವಂತರಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತವೂ ದೇಹಕ್ಕೆ ಹೋಗುವ ರಕ್ತವೂ ಹೆಚ್ಚುಕಡಿಮೆ ಸಮ. ಉದಾಹರಣೆಗೆ, ಮಹಾಪಧಮನಿಯಲ್ಲಿ ಬಡಿತಕ್ಕೆ 70 ಮಿಲಿಲೀಟರ್ ಹರಿಯುತ್ತಿದ್ದು, ಶ್ವಾಸಕೋಶದ ಮುಖ್ಯ ಅಪಧಮನಿಯಲ್ಲಿ 133 ಮಿಲಿಲೀಟರ್ ಹರಿಯುತ್ತಿದ್ದರೆ ಅನುಪಾತ 1.9 ಆಗುತ್ತದೆ. ಅಂದರೆ ಬಡಿತಕ್ಕೆ 63 ಮಿಲಿಲೀಟರ್ ರಕ್ತ ದಾರಿ ತಪ್ಪಿ ಸುತ್ತುತ್ತಿದೆ. ವರದಿಯಲ್ಲಿ ಕ್ಯೂಪಿ ಮತ್ತು ಕ್ಯೂಎಸ್ ಅನುಪಾತ ಎಂದು ಬರೆದಿರುವುದು ಇದನ್ನೇ.

ಭಯದ ವಿಷಯ. ಪರೀಕ್ಷೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಯಂತ್ರದ ಸದ್ದು ಜೋರು, ಪಕ್ಕದ ಮನೆಯಲ್ಲಿ ಗೋಡೆ ಒಡೆಯುತ್ತಿರುವಂತೆ ಇರುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ. ಅಂಗೈಯಲ್ಲಿ ಒಂದು ರಬ್ಬರ್ ಬುಗ್ಗೆ ಇರುತ್ತದೆ, ಅದನ್ನು ಹಿಸುಕಿದರೆ ಕೂಡಲೇ ಯಾರಾದರೂ ಒಳಗೆ ಬರುತ್ತಾರೆ. ನಡುನಡುವೆ ಹತ್ತರಿಂದ ಇಪ್ಪತ್ತು ಸೆಕೆಂಡ್ ಉಸಿರು ಹಿಡಿಯಲು ಹೇಳುತ್ತಾರೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ: ಮೆಲ್ಲಗೆ ಉಸಿರು ಹೊರಬಿಟ್ಟು ಹದಿನೈದರವರೆಗೆ ಎಣಿಸಿ. ಉಸಿರು ಸರಿಯಾಗಿ ಹಿಡಿದವರ ಚಿತ್ರ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬುದನ್ನು ನಾವು ದಿನವೂ ನೋಡುತ್ತೇವೆ.

ಮಾಂಗಲ್ಯದ ಸರ, ಕಾಲುಂಗುರ, ಹೇರ್‌ಪಿನ್ ಎಲ್ಲವನ್ನೂ ತೆಗೆದೇ ಒಳಗೆ ಹೋಗಬೇಕು. 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು ಇರುತ್ತದೆ, ಮತ್ತು ಚಿತ್ರ ತೆಗೆಯದಿದ್ದಾಗಲೂ ಅದು ಇದ್ದೇ ಇರುತ್ತದೆ. ಚಿನ್ನ ಆಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ; ಆದರೆ ಸರದ ಕೊಂಡಿಯಲ್ಲಿ ಕಬ್ಬಿಣದ ಸ್ಪ್ರಿಂಗ್ ಇರಬಹುದು, ಲೋಹ ಬಿಸಿಯಾಗಬಹುದು, ಎದೆಯ ಮೇಲೆಯೇ ಇರುವುದರಿಂದ ಚಿತ್ರವೂ ಕೆಡುತ್ತದೆ. ಕೊರಳು ಬರಿದಾಗಬಾರದು ಎನ್ನುವವರು ಅರಿಶಿನ ಕೊಂಬು ಕಟ್ಟಿದ ನೂಲಿನ ದಾರ ಹಾಕಿಕೊಂಡು ಬರುತ್ತಾರೆ. ಅದರಿಂದ ಯಾವ ತೊಂದರೆಯೂ ಇಲ್ಲ.

ಪ್ರಶ್ನೆ: ಕೆಮ್ಮಿಗೆಂದು ಮಾಡಿಸಿದ ಸಿ.ಟಿ. ವರದಿಯಲ್ಲಿ ನನ್ನ ಎದೆಯ ಎಡಭಾಗದಲ್ಲಿ ಒಂದು ಹೆಚ್ಚುವರಿ ಮಹಾಭಿಧಮನಿ ಇದೆ, ಅದು ನಿರಪಾಯಕಾರಿ ಎಂದು ಬರೆದಿದ್ದರು. ಬೇರೆಡೆ ಮಾಡಿಸಿದ ಎಂಆರ್‌ಐನಲ್ಲಿ ಅದೇ ನಾಳವನ್ನು ದಾರಿ ತಪ್ಪಿದ ಶ್ವಾಸಕೋಶದ ಅಭಿಧಮನಿ ಎನ್ನುತ್ತಾರೆ; ಅನುಪಾತ 1.3 ಎಂದಿದೆ. ನನಗೆ 41 ವರ್ಷ, ಯಾವ ತೊಂದರೆಯೂ ಇಲ್ಲ. ಯಾರನ್ನು ನಂಬಲಿ? ಆಪರೇಷನ್ ಬೇಕೆ?
ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ನಾಳಗಳು ಮಹಾಪಧಮನಿಯ ಕಮಾನಿನ ಎಡಪಕ್ಕದಲ್ಲಿ, ಒಂದೇ ಜಾಗದಲ್ಲಿ, ನೆಟ್ಟಗೆ ನಿಂತಿರುತ್ತವೆ. ನಿಶ್ಚಲ ಚಿತ್ರದಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವುದು ಅಪರೂಪವಲ್ಲ. ಅವುಗಳನ್ನು ಬೇರ್ಪಡಿಸುವುದು ರಕ್ತ ಹರಿಯುವ ದಿಕ್ಕು. ಹೆಚ್ಚುವರಿ ಎಡ ಮಹಾಭಿಧಮನಿಯಲ್ಲಿ ತಲೆ ಮತ್ತು ತೋಳಿನ ರಕ್ತ ಕೆಳಮುಖವಾಗಿ ಹೃದಯಕ್ಕೆ ಇಳಿಯುತ್ತದೆ. ಎಡ ಶ್ವಾಸಕೋಶದ ಮೇಲಿನ ಅಭಿಧಮನಿ ದಾರಿ ತಪ್ಪಿದ್ದರೆ, ಅದೇ ಜಾಗದ ನಾಳದಲ್ಲಿ ರಕ್ತ ಮೇಲ್ಮುಖವಾಗಿ ಕುತ್ತಿಗೆಯ ಕಡೆಗೆ ಏರಿ, ಅಲ್ಲಿ ಅಡ್ಡಲಾಗಿರುವ ದೊಡ್ಡ ಅಭಿಧಮನಿಯನ್ನು ಸೇರಿ, ಬಲಕ್ಕೆ ತಿರುಗಿ ಬಲ ಹೃತ್ಕರ್ಣಕ್ಕೆ ಬರುತ್ತದೆ. ಎಂಆರ್‌ಐನ ಹರಿವಿನ ಚಿತ್ರದಲ್ಲಿ ಒಂದು ದಿಕ್ಕಿನ ರಕ್ತ ಬಿಳಿಯಾಗಿಯೂ ಎದುರು ದಿಕ್ಕಿನ ರಕ್ತ ಕಪ್ಪಾಗಿಯೂ ಕಾಣುತ್ತದೆ. ಪಕ್ಕದಲ್ಲೇ ಮೇಲೇರುವ ಮಹಾಪಧಮನಿ ಬಿಳಿಯಾಗಿದ್ದು, ಈ ನಾಳವೂ ಬಿಳಿಯಾಗಿದ್ದರೆ ಇಲ್ಲಿಯ ರಕ್ತವೂ ಮೇಲಕ್ಕೆ ಏರುತ್ತಿದೆ. ಅಲ್ಲಿಗೆ ವಾದ ಮುಗಿಯಿತು.

ನಿಮ್ಮ ಹಳೆಯ ಸಿ.ಟಿ. ಚಿತ್ರಗಳನ್ನೇ ಮತ್ತೊಮ್ಮೆ ನೋಡಿಸಿದರೂ ಉತ್ತರ ಸಿಗಬಹುದು. ಎಡ ಶ್ವಾಸನಾಳದ ಮುಂದೆ ಸಾಮಾನ್ಯವಾಗಿ ಒಂದು ಅಭಿಧಮನಿ ಇರುತ್ತದೆ. ಹೆಚ್ಚುವರಿ ಮಹಾಭಿಧಮನಿ ಇದ್ದರೆ ಅಲ್ಲಿ ಎರಡು ನಾಳಗಳು ಕಾಣಬೇಕು. ಶ್ವಾಸಕೋಶದ ಅಭಿಧಮನಿಯೇ ದಾರಿ ತಪ್ಪಿ ಮೇಲಕ್ಕೆ ಹೋಗಿದ್ದರೆ ಆ ಜಾಗ ಖಾಲಿ ಇರುತ್ತದೆ. ಇದು ಕೂಡ ಎಣಿಕೆಯ ವಿಷಯವೇ. ನಾಲ್ಕನ್ನೂ ಎಣಿಸಿ, ಪ್ರತಿಯೊಂದನ್ನೂ ಅದು ಸೇರುವ ಬಾಗಿಲಿನವರೆಗೆ ಬೆನ್ನಟ್ಟಿ ನೋಡದೆ ವರದಿಗೆ ಸಹಿ ಹಾಕಬಾರದು ಎಂದು ನಮ್ಮಲ್ಲಿ ಕಲಿಯಲು ಬರುವವರಿಗೆ ಹೇಳುತ್ತಲೇ ಇರುತ್ತೇನೆ. ಎಣಿಕೆ ಎಂದಾಗ ಒಂದು ಎಚ್ಚರವೂ ಬೇಕು: ಎಡಭಾಗದ ಎರಡು ಅಭಿಧಮನಿಗಳು ಒಂದಾಗಿ ಸೇರಿ ಬರುವುದೂ, ಬಲಭಾಗದಲ್ಲಿ ಮೂರನೆಯದೊಂದು ಬೇರೆಯಾಗಿರುವುದೂ ಸಾಕಷ್ಟು ಜನರಲ್ಲಿ ಇರುತ್ತದೆ. ಅವು ಎಡ ಹೃತ್ಕರ್ಣಕ್ಕೇ ಸೇರುತ್ತಿದ್ದರೆ ಅದು ರೋಗವಲ್ಲ.

ಆಪರೇಷನ್ ಬಗ್ಗೆ. ನೀವು ಬರೆದಿರುವ ವಿವರ ನೋಡಿದರೆ, ಈಗ ಅದರ ಅಗತ್ಯ ಕಾಣುವುದಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ, ದೊಡ್ಡವರಲ್ಲಿ ಈ ದೋಷವನ್ನು ಅರಿಯಲು ಎಂಆರ್‌ಐ ಅಥವಾ ಸಿ.ಟಿ. ಆಂಜಿಯೋಗ್ರಫಿ ಮಾಡಬೇಕೆಂದು ಹೇಳುತ್ತದೆ. ಶಸ್ತ್ರಚಿಕಿತ್ಸೆಯನ್ನು ಅದು ಸೂಚಿಸುವುದು ಮುಖ್ಯವಾಗಿ ದೈಹಿಕ ಸಾಮರ್ಥ್ಯ ಕುಗ್ಗಿ, ಬಲ ಹೃತ್ಕುಕ್ಷಿ ಹಿಗ್ಗಿ, ಅನುಪಾತ 1.5 ಅಥವಾ ಅದಕ್ಕಿಂತ ಹೆಚ್ಚಿದ್ದು, ಶ್ವಾಸಕೋಶದ ಅಪಧಮನಿಗಳಲ್ಲಿನ ರಕ್ತದ ಒತ್ತಡ ಮಿತಿಯೊಳಗೆ ಇದ್ದಾಗ. ಒಂದೇ ಅಭಿಧಮನಿ ದಾರಿ ತಪ್ಪಿದವರಲ್ಲಿ ಬಹಳ ಮಂದಿ ಆ ಮಟ್ಟ ಮುಟ್ಟುವುದಿಲ್ಲ. ಆದರೆ 1.5 ಎಂಬ ಸಂಖ್ಯೆಯೊಂದನ್ನೇ ಹಿಡಿದು ಕೂರಬೇಡಿ; ಯಂತ್ರದ ಅಳತೆಗೂ ಅಲ್ಪಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ನಾವು ಅದನ್ನು ತಾಳೆ ನೋಡುತ್ತೇವೆ: ಬಲ ಮತ್ತು ಎಡ ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ಪ್ರತ್ಯೇಕವಾಗಿ ಅಳೆದು ಕೂಡಿಸಿದರೆ ಮುಖ್ಯ ಅಪಧಮನಿಯ ಅಳತೆಗೆ ಹೊಂದಬೇಕು. ನಿಮ್ಮ ವರದಿಯಲ್ಲಿ ಬಲ ಹೃತ್ಕುಕ್ಷಿಯ ಗಾತ್ರ ಸಹಜವಾಗಿದೆಯೇ ಎಂದು ನೋಡಿ. ಸಹಜವಾಗಿದ್ದರೆ, ಕೆಲವು ವರ್ಷಗಳಿಗೊಮ್ಮೆ ಅದೇ ಗಾತ್ರವನ್ನು ಮತ್ತೆ ಅಳೆಸಿ ಹೋಲಿಸುತ್ತಿದ್ದರೆ ಸಾಕು. ಒತ್ತಡವನ್ನು ಎಂಆರ್‌ಐ ನೇರವಾಗಿ ಅಳೆಯಲಾರದು. ಅದರ ಬಗ್ಗೆ ಸಂದೇಹ ಬಂದಾಗ, ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯದವರೆಗೆ ತೂರಿಸಿ ಮಾಡುವ ಕ್ಯಾಥೆಟರ್ ಪರೀಕ್ಷೆಯೇ ಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗು ಹುಟ್ಟಿದ ಎರಡನೆಯ ದಿನವೇ ನೀಲಿಗಟ್ಟಿತು. ಎಕೋ ಮಾಡಿ, ಶ್ವಾಸಕೋಶದ ನಾಲ್ಕೂ ರಕ್ತನಾಳಗಳು ತಪ್ಪು ಜಾಗಕ್ಕೆ ಸೇರಿವೆ, ಅಡಚಣೆಯೂ ಇದೆ ಎಂದು ಹೇಳಿ, ಮರುದಿನವೇ ಆಪರೇಷನ್ ಮಾಡಿದರು. ಎಂಆರ್‌ಐ ಮಾಡದೆ ಅವಸರಪಟ್ಟರೇ ಎಂಬ ಕೊರಗು ನನಗಿದೆ. ಈಗ ಮಗುವಿಗೆ ಐದು ತಿಂಗಳು, ಚೆನ್ನಾಗಿದೆ. ಬಸುರಿಯಾಗಿದ್ದಾಗ ಐದನೆಯ ತಿಂಗಳಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದೆ, ಅದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಾರೆ.
ಒಬ್ಬ ತಾಯಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಭ್ರೂಣದ ಶ್ವಾಸಕೋಶದ ಸುತ್ತಲಿನ ರಕ್ತನಾಳಗಳ ಬಲೆ ಆರಂಭದಲ್ಲಿ ದೇಹದ ಇತರ ಅಭಿಧಮನಿಗಳಿಗೆ ಜೋಡಿಕೊಂಡಿರುತ್ತದೆ. ಬೆಳೆಯುತ್ತಿರುವ ಎಡ ಹೃತ್ಕರ್ಣದಿಂದ ಒಂದು ನಾಳ ಮೂಡಿ ಆ ಬಲೆಯನ್ನು ತಲುಪಿದ ಮೇಲೆ ಹಳೆಯ ಜೋಡಣೆಗಳು ಕರಗಿಹೋಗುತ್ತವೆ. ಆ ಹೊಸ ನಾಳ ತಲುಪದಿದ್ದರೆ ಹಳೆಯ ದಾರಿಗಳೇ ಉಳಿದುಬಿಡುತ್ತವೆ. ಇದೆಲ್ಲ ನಡೆಯುವುದು ಗರ್ಭ ನಿಂತ ನಾಲ್ಕನೆಯ, ಐದನೆಯ ವಾರದ ಆಸುಪಾಸಿನಲ್ಲಿ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದು ಇನ್ನೂ ಖಚಿತವಾಗಿರದ ಹೊತ್ತು ಅದು. ಐದನೆಯ ತಿಂಗಳಿನಲ್ಲಿ ನೀವು ಎಲ್ಲಿ ನಿಂತಿದ್ದಿರಿ, ಏನು ನೋಡಿದಿರಿ ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಈ ಪತ್ರವನ್ನು ಮನೆಯವರಿಗೆ ಓದಿ ಹೇಳಿ.

ಇನ್ನು ಅವಸರದ ಮಾತು. ಟಿಎಪಿವಿಸಿ ಎಂಬ ಈ ದೋಷದಲ್ಲಿ ಶ್ವಾಸಕೋಶದ ರಕ್ತವೆಲ್ಲ ಬಲಭಾಗಕ್ಕೇ ಬರುತ್ತದೆ. ಹೃತ್ಕರ್ಣಗಳ ನಡುವಿನ ಕಿಂಡಿಯ ಮೂಲಕ ಎಡಕ್ಕೆ ದಾಟಿದಷ್ಟು ರಕ್ತದಲ್ಲೇ ಮಗು ಬದುಕಿರುತ್ತದೆ. ತಪ್ಪಿದ ದಾರಿ ಕೆಲವು ಮಕ್ಕಳಲ್ಲಿ ಮೇಲಕ್ಕೆ ಏರುತ್ತದೆ, ಕೆಲವರಲ್ಲಿ ಹೃದಯಕ್ಕೇ ಸೇರುತ್ತದೆ, ಇನ್ನು ಕೆಲವರಲ್ಲಿ ವಪೆಯನ್ನು ತೂರಿ ಯಕೃತ್ತಿನ ಕಡೆಗೆ ಇಳಿಯುತ್ತದೆ. ಹೀಗೆ ಕೆಳಗೆ ಇಳಿದ ದಾರಿಯಲ್ಲಿ ಅಡಚಣೆ ಇರುವುದು ಹೆಚ್ಚು. ಅಡಚಣೆ ಇದ್ದರೆ ಶ್ವಾಸಕೋಶದಲ್ಲಿ ರಕ್ತ ಕಟ್ಟಿನಿಂತು ಉಸಿರಾಟ ಗಂಟೆಗಳಲ್ಲೇ ಹದಗೆಡುತ್ತದೆ. ಅಂಥ ಮಗುವನ್ನು ಕೃತಕ ಉಸಿರಾಟದ ಯಂತ್ರದೊಂದಿಗೆ ಎಂಆರ್‌ಐ ಕೋಣೆಗೆ ಒಯ್ದು ಒಂದು ಗಂಟೆ ಮಲಗಿಸುವುದು ಸರಿಯಲ್ಲ. ನವಜಾತ ಶಿಶುವಿನಲ್ಲಿ ಎಕೋ ಸ್ಪಷ್ಟವಾಗಿ ಕಾಣುತ್ತದೆ. ಸಂಶಯ ಉಳಿದರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಸಿ.ಟಿ. ಮಾಡುತ್ತಾರೆ. ನಾನು ಎಂಆರ್‌ಐ ಕೆಲಸವನ್ನೇ ಮಾಡುವವನಾದರೂ, ಆ ದಿನ ಅಲ್ಲಿದ್ದಿದ್ದರೆ ಅದನ್ನು ಬೇಡವೆನ್ನುತ್ತಿದ್ದೆ. ನಿಮ್ಮ ಮಗುವಿನ ವೈದ್ಯರು ಮಾಡಿದ್ದು ಸರಿ.

ಎಂಆರ್‌ಐ ಉಪಯೋಗಕ್ಕೆ ಬರಬಹುದಾದ ಕಾಲ ಇನ್ನು ಮುಂದಿದೆ. ಈ ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ಮಕ್ಕಳಲ್ಲಿ ಅಭಿಧಮನಿಗಳು ಸೇರಿದ ಜಾಗದಲ್ಲೋ ಅವುಗಳ ಒಳಗೋ ಮತ್ತೆ ಕಿರಿದಾಗುತ್ತವೆ, ಸಾಮಾನ್ಯವಾಗಿ ಮೊದಲ ವರ್ಷದೊಳಗೆ. ಒಂದು ಕಡೆಯ ಅಭಿಧಮನಿಗಳು ಕಿರಿದಾದರೆ ಆ ಶ್ವಾಸಕೋಶಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಸಹಜವಾಗಿ ನೂರರಲ್ಲಿ ಸುಮಾರು 55 ಪಾಲು ಬಲಕ್ಕೆ, 45 ಪಾಲು ಎಡಕ್ಕೆ ಹೋಗುವ ಈ ಹಂಚಿಕೆ ಏರುಪೇರಾದದ್ದನ್ನು ಎಂಆರ್‌ಐ ಅಂಕಿಗಳಲ್ಲಿ ತೋರಿಸಬಲ್ಲದು. ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ನಿಗದಿಯಾದ ಎಕೋ ತಪಾಸಣೆಗಳೇ ಸಾಕು. ಉಸಿರಾಟ ಚುರುಕಾದರೆ, ಹಾಲು ಕುಡಿಯುವಾಗ ಹಣೆ ಬೆವತರೆ, ತೂಕ ನಿಂತರೆ, ಮುಂದಿನ ತಾರೀಕಿಗೆ ಕಾಯದೆ ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದ್ರೋಗಗಳೂ ಸೇರಿವೆ. ಅಂಗನವಾಡಿಗೆ ತಪಾಸಣೆಗೆ ಬರುವ ತಂಡಕ್ಕೆ ಮಗುವಿನ ಕಾಗದಗಳನ್ನು ತೋರಿಸಿ, ಮುಂದಿನ ತಪಾಸಣೆಗಳಿಗೆ ಆ ಮೂಲಕ ನೆರವು ಕೇಳಿ.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಪದೇ ಪದೇ ಬಲಗಡೆ ನ್ಯುಮೋನಿಯಾ ಆಗುತ್ತದೆ. ಎಕ್ಸ್‌ರೇಯಲ್ಲಿ ಕತ್ತಿಯಂಥ ನೆರಳು ಇದೆ, ಸಿಮಿಟರ್ ಸಿಂಡ್ರೋಮ್ ಇರಬಹುದು ಎಂದರು. ಸಿ.ಟಿ. ಮಾಡಿಸಬೇಕೇ, ಎಂಆರ್‌ಐ ಮಾಡಿಸಬೇಕೇ?
ಓದುಗರು, ಪುಣೆ

ಉತ್ತರ: ಸಿಮಿಟರ್ ಎಂದರೆ ತುರ್ಕಿಯ ಬಾಗು ಖಡ್ಗ. ಬಲ ಶ್ವಾಸಕೋಶದ ಅಭಿಧಮನಿ ಎಡ ಹೃತ್ಕರ್ಣಕ್ಕೆ ಹೋಗುವ ಬದಲು, ಹೃದಯದ ಬಲ ಅಂಚಿನ ಪಕ್ಕದಲ್ಲಿ ಬಾಗುತ್ತ ಕೆಳಗಿಳಿದು ಕೆಳಗಿನ ಮಹಾಭಿಧಮನಿಗೆ ಸೇರುವುದರಿಂದ ಎಕ್ಸ್‌ರೇಯಲ್ಲಿ ಆ ಆಕಾರ ಮೂಡುತ್ತದೆ. ಇದರ ಜೊತೆಗೆ ಬಲ ಶ್ವಾಸಕೋಶ ಚಿಕ್ಕದಾಗಿರುವುದು, ಹೃದಯ ಬಲಕ್ಕೆ ಸರಿದಿರುವುದು, ಶ್ವಾಸಕೋಶದ ಕೆಳಭಾಗಕ್ಕೆ ಮಹಾಪಧಮನಿಯಿಂದಲೇ ಒಂದು ಪ್ರತ್ಯೇಕ ಅಪಧಮನಿ ಬರುವುದು ಇವೂ ಇರಬಹುದು.

ನಿಮ್ಮ ಪ್ರಶ್ನೆಗೆ ಉತ್ತರ, ಏನನ್ನು ತಿಳಿಯಬೇಕು ಎಂಬುದರ ಮೇಲೆ ನಿಂತಿದೆ. ಮತ್ತೆ ಮತ್ತೆ ಸೋಂಕಾಗುತ್ತಿರುವುದರಿಂದ ಶ್ವಾಸನಾಳಗಳ ಕವಲುಗಳನ್ನೂ ಶ್ವಾಸಕೋಶದ ಅಂಗಾಂಶವನ್ನೂ ನೋಡಲೇಬೇಕು. ಅದರಲ್ಲಿ ಸಿ.ಟಿ. ಮೇಲು, ಎಂಆರ್‌ಐ ಹಿಂದೆ. ಆ ಖಡ್ಗದಂಥ ನಾಳದಲ್ಲಿ ಎಷ್ಟು ರಕ್ತ ಹರಿಯುತ್ತಿದೆ, ಬಲ ಹೃತ್ಕುಕ್ಷಿ ಎಷ್ಟು ಹಿಗ್ಗಿದೆ, ದುರಸ್ತಿ ಬೇಕೆ ಎಂಬುದನ್ನು ನಿರ್ಧರಿಸಲು ಎಂಆರ್‌ಐ ಬೇಕು. ಆದ್ದರಿಂದ ಒಮ್ಮೆ ಕಡಿಮೆ ವಿಕಿರಣದ ಸಿ.ಟಿ., ಅಳತೆಗೂ ಮುಂದಿನ ವರ್ಷಗಳ ತಪಾಸಣೆಗೂ ಎಂಆರ್‌ಐ ಎಂಬುದು ನನ್ನ ಸಲಹೆ. ಎಂಆರ್‌ಐನಲ್ಲಿ ವಿಕಿರಣ ಇಲ್ಲದಿರುವುದರಿಂದ ಬೆಳೆಯುವ ಮಗುವಿಗೆ ಅದನ್ನು ಮತ್ತೆ ಮತ್ತೆ ಮಾಡಲು ಅಳುಕಬೇಕಿಲ್ಲ. ಒಂಬತ್ತು ವರ್ಷದ ಹುಡುಗ, ಮೊದಲೇ ತಿಳಿಹೇಳಿದರೆ, ಅರಿವಳಿಕೆ ಇಲ್ಲದೆಯೇ ಮಲಗಬಲ್ಲ.

ಪ್ರಶ್ನೆ: ಹೃದಯದ ಎಂಆರ್‌ಐಗೆ ಕೊಡುವ ಇಂಜೆಕ್ಷನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಯೇ? ನಾನು ಮಗುವಿಗೆ ಹಾಲೂಡಿಸುತ್ತಿದ್ದೇನೆ. ಬಾಲ್ಯದಲ್ಲಿ ಶ್ವಾಸಕೋಶದ ಅಭಿಧಮನಿ ದಾರಿ ತಪ್ಪಿದ ದೋಷಕ್ಕೆ ಎದೆ ತೆರೆದು ಆಪರೇಷನ್ ಆಗಿ, ಎದೆಮೂಳೆಯಲ್ಲಿ ತಂತಿಗಳಿವೆ.
ಓದುಗರು, ಮಂಗಳೂರು

ಉತ್ತರ: ಮೂತ್ರಪಿಂಡ ಸರಿಯಿರುವವರಿಗೆ ಗ್ಯಾಡೋಲಿನಿಯಂ ಔಷಧಿಯಿಂದ ಅದಕ್ಕೆ ಹಾನಿಯಾಗುವುದು ತೀರ ವಿರಳ. ಮೂತ್ರಪಿಂಡ ತೀವ್ರವಾಗಿ ಕುಂದಿದವರಲ್ಲಿ ಹಳೆಯ ಬಗೆಯ ಕೆಲವು ಔಷಧಿಗಳಿಂದ ಚರ್ಮ ಮತ್ತು ಅಂಗಾಂಶಗಳು ಗಟ್ಟಿಯಾಗುವ ಕಾಯಿಲೆ ಕಂಡುಬಂದಿದ್ದರಿಂದ ಮೊದಲೇ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ. ಎದೆಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ, ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಗರ್ಭಿಣಿಯಾಗಿದ್ದರೆ ಮಾತ್ರ ಈ ಔಷಧಿಯನ್ನು ಸಾಧ್ಯವಾದಷ್ಟು ದೂರವಿಡುತ್ತೇವೆ. ಔಷಧಿಯಿಲ್ಲದೆಯೂ, ಉಸಿರಾಟದ ಲಯಕ್ಕೆ ಹೊಂದಿಸಿ ಇಡೀ ಹೃದಯದ ಮೂರು ಆಯಾಮದ ಚಿತ್ರ ತೆಗೆಯುವ ವಿಧಾನ ಇದೆ, ಮತ್ತು ಹರಿವಿನ ಅಳತೆಗೆ ಔಷಧಿ ಬೇಕಾಗಿಯೇ ಇಲ್ಲ.

ಎದೆಮೂಳೆಯ ತಂತಿಗಳು ತೊಂದರೆ ಕೊಡುವುದಿಲ್ಲ. ಚಿತ್ರದಲ್ಲಿ ಅವುಗಳ ಸುತ್ತ ಸಣ್ಣ ಕಪ್ಪು ಕಲೆಗಳು ಕಾಣುತ್ತವೆ, ಅಷ್ಟೆ. ಆದರೆ ಪೇಸ್‌ಮೇಕರ್ ಅಥವಾ ಅದರ ಉಳಿದ ತಂತಿ ಇದ್ದರೆ ಕೋಣೆಯ ಬಾಗಿಲಿನಲ್ಲೇ ಹೇಳಬೇಕು. ಬಾಲ್ಯದ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಸಿಕ್ಕರೆ ತನ್ನಿ: ಯಾವ ಅಭಿಧಮನಿಯನ್ನು ಯಾವ ದಾರಿಯಲ್ಲಿ ತಿರುಗಿಸಿದ್ದಾರೆ ಎಂದು ಗೊತ್ತಿದ್ದರೆ ಕಿರಿದಾಗುವ ಸಾಧ್ಯತೆ ಇರುವ ಜಾಗಗಳನ್ನು ಗುರಿಯಿಟ್ಟು ನೋಡಬಹುದು. ಹಳೆಯ ಪರೀಕ್ಷೆಗಳ ವರದಿಯ ಹಾಳೆಯಷ್ಟೇ ಅಲ್ಲ, ಚಿತ್ರಗಳಿರುವ ಸಿ.ಡಿ.ಯನ್ನೂ ಜೊತೆಗಿಟ್ಟುಕೊಳ್ಳಿ, ಹೃತ್ಕುಕ್ಷಿ ಹಿಗ್ಗಿದೆಯೋ ಇಲ್ಲವೋ ಎಂದು ಹೇಳಲು ಅಂದಿನ ಚಿತ್ರವನ್ನೂ ಇಂದಿನದನ್ನೂ ಒಂದೇ ಕೈಯಿಂದ ಅಳೆಯಬೇಕಾಗುತ್ತದೆ.